ಮೂವತ್ತು ಸೆಕೆಂಡಿನ ಕನ್ನಡ

(ಬಡಾವಣೆಯ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವೇದಿಕೆ ಹತ್ತಿದವರೆಲ್ಲ ಪಂಪನಿಂದ ಶುರು ಮಾಡುತ್ತಾರೆ. ನಾನು ಸೋಪಿನಿಂದ ಶುರು ಮಾಡುತ್ತೇನೆ. ಪಿಯುಸಿ ಓದಿ ಅಚ್ಚುಕೂಟ ಸೇರಿದವನು ನಾನು. ಪಂಪನ ಬಗ್ಗೆ ಹೇಳಲು ಪಂಡಿತರಿದ್ದಾರೆ. ಸೋಪು, ಪೇಸ್ಟು, ಸಾಲದ ಆಪು, ಇವುಗಳ ಬಗ್ಗೆ ಹೇಳುವವರು ಯಾರೂ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ದಿನಾ ಸಂಜೆ ಕನ್ನಡ ಪಾಠ ಹೇಳುತ್ತಿರುವವರು ಪಂಪನೂ ಅಲ್ಲ, ಕುವೆಂಪುವೂ ಅಲ್ಲ. ಈ ಸೋಪು ಪೇಸ್ಟಿನವರು!

ಲೆಕ್ಕ ಹಾಕಿ. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಒಂದು ಗಂಟೆಯಲ್ಲಿ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ತೋರಿಸುವಂತಿಲ್ಲ. ಅದರಲ್ಲಿ 10 ನಿಮಿಷ ಸರಕಿನದು, 2 ನಿಮಿಷ ಚಾನೆಲ್ಲು ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದಕ್ಕೆ. ಸಂಜೆ 7ರಿಂದ 10ರವರೆಗೆ ಅಮ್ಮ ಅಜ್ಜಿ ಧಾರಾವಾಹಿ ನೋಡಿದರೆ 36 ನಿಮಿಷ ಜಾಹೀರಾತು. ತಿಂಗಳಿಗೆ 18 ಗಂಟೆ. ಎರಡೂವರೆ ಗಂಟೆಗೊಂದು ಸಿನಿಮಾ ಅಂತ ಹಿಡಿದರೆ ಏಳು ಸಿನಿಮಾ! ತಿಂಗಳಿಗೆ ಏಳು ಸಿನಿಮಾ ನೋಡುವ ಕನ್ನಡಿಗರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ?

ಸಿನಿಮಾ ವಿಚಾರದಲ್ಲಿ ನಾವು ಭಾರೀ ಶೂರರು. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಅಂಥವರು ಡಬ್ಬಿಂಗ್ ಬೇಡವೆಂದು ಬೀದಿಗಿಳಿದರು. 2012ರಲ್ಲಿ ‘ಸತ್ಯಮೇವ ಜಯತೆ’ ಎಂಬ ಹಿಂದಿ ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳಂನಲ್ಲಿ ಡಬ್ ಆಗಿ ಬಂತು, ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಸಂಸ್ಥೆಗಳಿಗೆ ದಂಡ ಹಾಕಿತು. 2020ರ ಲಾಕ್‌ಡೌನ್ ಹೊತ್ತಿಗೆ ಡಬ್ ಆದ ಧಾರಾವಾಹಿಗಳು ಕನ್ನಡ ಚಾನೆಲ್ಲಿಗೇ ಬಂದು ಕೂತವು. ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನಿವತ್ತು ಕೈ ಹಾಕುವುದಿಲ್ಲ. ನಾನು ಕೇಳುವುದು ಇಷ್ಟೇ. ಅಷ್ಟು ವರ್ಷ ಮುಂಬಾಗಿಲಿಗೆ ಕಾವಲು ಕೂತೆವಲ್ಲ, ಹಿತ್ತಲ ಬಾಗಿಲಿನಿಂದ ಮೂವತ್ತು ಮೂವತ್ತು ಸೆಕೆಂಡಿನ ಡಬ್ಬಿಂಗ್ ದಿನಾ ಒಳಗೆ ಬರುತ್ತಿತ್ತು. ಅದನ್ನು ಯಾರಾದರೂ ತಡೆದರೇ?

ತ್ವಚೆಯೂ ಕೀಟಾಣುವೂ

ಆ ಜಾಹೀರಾತಿನ ಕನ್ನಡವನ್ನು ಒಂದು ದಿನ ಕಿವಿಗೊಟ್ಟು ಕೇಳಿ. ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಿ ಚರ್ಮವೇ ಇಲ್ಲ, ಬರೀ ‘ತ್ವಚೆ’. ಕೂದಲಿಲ್ಲ, ‘ಕೇಶ’. ರೋಗಾಣು, ಕ್ರಿಮಿ ಎಂಬ ಒಳ್ಳೆ ಪದಗಳಿದ್ದರೂ ಹಿಂದಿಯ ‘ಕೀಟಾಣು’ವೇ ಬೇಕು. ‘ಅದು ಕೂಡ ಕೇವಲ ತೊಂಬತ್ತೊಂಬತ್ತು ರೂಪಾಯಿಗಳಲ್ಲಿ’ ಅನ್ನುತ್ತಾನೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಯಾವ ವ್ಯಾಪಾರಿ ಹೀಗೆ ಕೂಗುತ್ತಾನೆ ಸ್ವಾಮಿ? ‘ಬರೀ ತೊಂಬತ್ತೊಂಬತ್ತು, ಬನ್ನಿ ಬನ್ನಿ’ ಅನ್ನುತ್ತಾನೆ. ಅವನಿಗೆ ಮಾಲು ಮಾರುವುದು ಗೊತ್ತು. ಮುಂಬೈಯಲ್ಲಿ ಕೂತು ಹಿಂದಿ ಸಾಲಿನ ಕೆಳಗೆ ಕನ್ನಡ ಪದ ಜೋಡಿಸುವವನಿಗೆ ಗೊತ್ತಿರುವುದು ತುಟಿ ಚಲನೆ ಮಾತ್ರ.

ಮನೆ ನೋಡಿ. ಊಟದ ಮೇಜಿನ ಮೇಲೆ ಪನೀರು, ರೊಟ್ಟಿಯ ಬದಲು ಫುಲ್ಕ. ಹಬ್ಬ ಅಂದರೆ ರಾಖಿ, ಕರ್ವಾ ಚೌತ್. ಗೌರಿ ಹಬ್ಬದ ಬಾಗಿನ ಯಾವಾಗ ಕಂಡಿರಿ? ಸಂಕ್ರಾಂತಿಯ ಎಳ್ಳುಬೆಲ್ಲ? ಕನ್ನಡ ಮಾತಾಡುವ ಆ ಮನೆಯಲ್ಲಿ ಕನ್ನಡದವರು ಯಾರೂ ವಾಸವಿಲ್ಲ!

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಕನ್ನಡದಲ್ಲೇ ಹುಟ್ಟಿದ ಜಾಹೀರಾತಿಗೆ ಕನ್ನಡದ ಬರಹಗಾರ ಬೇಕು, ನಟ ಬೇಕು, ಕ್ಯಾಮೆರಾದವನು ಬೇಕು, ಹಾಡುವವಳು ಬೇಕು. ಡಬ್ ಆದ ಜಾಹೀರಾತಿಗೆ ಒಂದು ಮೈಕು, ಎರಡು ಗಂಟಲು ಸಾಕು.

ಅಚ್ಚಿನಲ್ಲೂ ಇದೇ ಕಥೆ. ಹೊರಗಿನ ಒಂದು ಕಂಪನಿಯ ಹ್ಯಾಂಡ್‌ಬಿಲ್ಲು ನಮ್ಮ ಪ್ರೆಸ್ಸಿಗೆ ಬಂದಿತ್ತು. ಡಿಸೈನು ಬೇರೆ ಊರಿನದು. ಒತ್ತಕ್ಷರಗಳೆಲ್ಲ ಕಳಚಿಕೊಂಡಿದ್ದವು. ‘ಕನ್ನಡ’ ಎಂಬ ಪದದಲ್ಲೇ ನಕಾರದ ಕೆಳಗೆ ಒತ್ತು ಇಳಿದಿರಲಿಲ್ಲ. ಭಾರತೀಯ ಲಿಪಿಗಳಿಗೆ ಬೇಕಾದ ಆಯ್ಕೆಯನ್ನು ಸಾಫ್ಟ್‌ವೇರಿನಲ್ಲಿ ಒತ್ತದಿದ್ದರೆ ಹೀಗಾಗುತ್ತದೆ, ಅಷ್ಟೇ. ಫೋನ್ ಮಾಡಿ ಹೇಳಿದರೆ ‘ಅಪ್ರೂವ್ ಆಗಿದೆ, ಪ್ರಿಂಟ್ ಹಾಕಿ’ ಎಂಬ ಉತ್ತರ. ಇದೇ ಕಂಪನಿ ಹಿಂದೊಮ್ಮೆ ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಇಡೀ ಲಾಟು ಹಿಂದಕ್ಕೆ ಕಳಿಸಿತ್ತು. ನಾನು ಕನ್ನಡವನ್ನು ಸರಿಪಡಿಸಿಯೇ ಅಚ್ಚು ಹಾಕಿದೆ, ಕೆಲಸದ ದುಡ್ಡನ್ನು ಬಿಲ್ಲಿಗೆ ಸೇರಿಸಿದೆ. ಕೊಟ್ಟರು! ಕೇಳಿದರೆ ಕೊಡುತ್ತಾರೆ ಗೆಳೆಯರೇ. ಕೇಳುವವರಿಲ್ಲ.

ಆಸೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ

ಈಗ ನಿಜವಾದ ಮೋಸಕ್ಕೆ ಬರೋಣ. ಕನ್ನಡ ಗೊತ್ತಿರುವ ನಟ ಬಂದು ಅಚ್ಚಕನ್ನಡದಲ್ಲಿ ‘ಐದೇ ನಿಮಿಷದಲ್ಲಿ ಸಾಲ’ ಅನ್ನುತ್ತಾನೆ. ಪರದೆಯ ತಳದಲ್ಲಿ ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರ ಓಡುತ್ತದೆ. ಬಡ್ಡಿ ಎಷ್ಟು, ಕಂತು ತಪ್ಪಿದರೆ ದಂಡ ಎಷ್ಟು, ಎಲ್ಲ ಅಲ್ಲೇ. ಮ್ಯೂಚುವಲ್ ಫಂಡಿನವರು ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ ಎಂದು ಕನ್ನಡದಲ್ಲಿ ಬಡಬಡಿಸುತ್ತಾರೆ. ಓದೋಣವೆಂದು ಹೋದರೆ ಕೈಗೆ ಸಿಗುವ ಕಾಗದ ಇಂಗ್ಲಿಷು. ಆಸೆ ಹುಟ್ಟಿಸಲು ಕನ್ನಡ ಬೇಕು, ಎಚ್ಚರಿಸಲು ಬೇಡ! ಹಳ್ಳಿಯಿಂದ ಬಂದು ಗಾರ್ಮೆಂಟ್ಸಿನಲ್ಲಿ ದುಡಿಯುವ ತಂಗಿ, ಆಟೋ ಓಡಿಸುವ ಅಣ್ಣ ಸಿಕ್ಕಿಬೀಳುವುದು ಇಲ್ಲಿಯೇ.

ಇದಕ್ಕೆ ಕಾನೂನಿದೆ, ಬರೆದುಕೊಳ್ಳಿ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತಿನ ಸೂಚನೆಯೂ ಅದೇ ಭಾಷೆಯಲ್ಲಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅಕ್ಷರದ ರೂಪವೂ ಹೇಳಿಕೆಯದೇ ಇರಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನಲ್ಲಿ ಷರತ್ತು ಬಚ್ಚಿಟ್ಟ ಜಾಹೀರಾತು ಕಂಡರೆ ಫೋಟೋ ಹಿಡಿಯಿರಿ, ದಿನಾಂಕ, ಸಮಯ, ಚಾನೆಲ್ ಬರೆದಿಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕನ್ನಡದಲ್ಲೇ ಕೊಡಿ. ಒಂದು ಬಡಾವಣೆಯಿಂದ ಇಪ್ಪತ್ತು ದೂರು ಹೋದರೆ ಅದು ಇಪ್ಪತ್ತು ಭಾಷಣಕ್ಕೆ ಸಮ.

ಇನ್ನು ಮೈಸೂರು ಸ್ಯಾಂಡಲ್. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ, ನಮ್ಮದೇ ಸರ್ಕಾರದ ಸೋಪು. 2025ರ ಮೇ ತಿಂಗಳಲ್ಲಿ ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ನಟಿ ತಮನ್ನಾ ಭಾಟಿಯಾರನ್ನು ರಾಯಭಾರಿ ಮಾಡಿದರು. ಕನ್ನಡದ ನಟಿಯರು ಸಿಗಲಿಲ್ಲವೇ ಎಂದು ರಾಜ್ಯವೇ ಕೇಳಿತು. ಹೊರರಾಜ್ಯದ ಮಾರುಕಟ್ಟೆಗಾಗಿ ಎಂದು ಸರ್ಕಾರ ಹೇಳಿತು. ಕೇಳಿದ್ದು ಸರಿ. ಆದರೆ ಮುಖದ ಜಗಳದಲ್ಲಿ ಮಾತಿನ ಪ್ರಶ್ನೆ ಮುಳುಗಿಹೋಯಿತು. ಆ ಸೋಪಿನ ಜಾಹೀರಾತು ಮೊದಲು ಯಾವ ಭಾಷೆಯಲ್ಲಿ ಬರೆಯಲಾಗುತ್ತದೆ? ಕನ್ನಡದಲ್ಲಿ ಬರೆದು ಹಿಂದಿಗೆ ಡಬ್ ಮಾಡಲಿ, ತಮಿಳಿಗೆ ಮಾಡಲಿ. ನಮ್ಮ ಮಾಲಿನ ಮಾತು ನಮ್ಮಲ್ಲಿ ಹುಟ್ಟಿ ಹೊರಗೆ ಹೋಗಲಿ. ಡಾ. ರಾಜ್‌ಕುಮಾರ್ ನಂದಿನಿ ಹಾಲಿಗೆ ಬಂದು ನಿಂತಾಗ ಬಿಡಿಕಾಸೂ ಪಡೆಯಲಿಲ್ಲ, ಡಬ್ಬಿಂಗೂ ಬೇಕಾಗಲಿಲ್ಲ!

ಹಳ್ಳಿ ಹಾಡಿಗೆ ಸರ್ಟಿಫಿಕೇಟು ಕೊಡುವವರು

ಗೆಳೆಯರೇ, ಸ್ವಲ್ಪ ಅಮೆರಿಕಾಕ್ಕೆ ಹೋಗಿ ಬರೋಣ, ವೀಸಾ ಬೇಡ. ಅಲ್ಲಿ ಕಂಟ್ರಿ ಮ್ಯೂಸಿಕ್ ಅಂತ ಒಂದಿದೆ. ಕುದುರೆ, ಟೋಪಿ, ಹೊಲ, ಲಾರಿ, ಮುರಿದ ಮನಸ್ಸು, ಇವೇ ಅದರ ಸರಕು. ಬಿಳಿಯರ ಹಾಡು ಅಂತ ಹೆಸರು. ಅದರ ಮುಖ್ಯ ವಾದ್ಯಗಳಲ್ಲೊಂದಾದ ಬ್ಯಾಂಜೋದ ಮೂಲ ಮಾತ್ರ ಗುಲಾಮರಾಗಿ ಹೋದ ಆಫ್ರಿಕನ್ನರದು.

2018ರ ಡಿಸೆಂಬರ್‌ನಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಕಪ್ಪು ಹುಡುಗ ‘ಓಲ್ಡ್ ಟೌನ್ ರೋಡ್’ ಎಂಬ ಹಾಡು ಬಿಟ್ಟ. ಅದರ ತಾಳವನ್ನು ನೆದರ್ಲೆಂಡ್ಸಿನ ಒಬ್ಬ ಹುಡುಗನಿಂದ ಇಂಟರ್ನೆಟ್ಟಿನಲ್ಲಿ 30 ಡಾಲರಿಗೆ ಕೊಂಡಿದ್ದ. ಕಂಪನಿಯ ಬೆಂಬಲವಿಲ್ಲ, ಟಿವಿ ಇಲ್ಲ. ಟಿಕ್‌ಟಾಕಿನಲ್ಲಿ ಹುಡುಗ ಹುಡುಗಿಯರು ಟೋಪಿ ಹಾಕಿ ಕುಣಿದರು, ಹಾಡು ಹಬ್ಬಿತು. 2019ರ ಮಾರ್ಚ್‌ನಲ್ಲಿ ಬಿಲ್‌ಬೋರ್ಡ್‌ನವರು ಮೊದಲು ಕಂಟ್ರಿ ಪಟ್ಟಿಗೆ ಸೇರಿಸಿ, ಆಮೇಲೆ ಇದರಲ್ಲಿ ಕಂಟ್ರಿಯ ಅಂಶ ಸಾಲದು ಎಂದು ತೆಗೆದುಹಾಕಿದರು! ಕಂಟ್ರಿಯ ಹಳೆಯ ಗಾಯಕ ಬಿಲ್ಲಿ ರೇ ಸೈರಸ್ ಆ ಹುಡುಗನ ಪಕ್ಕ ಬಂದು ನಿಂತು ಅದೇ ಹಾಡನ್ನು ಜೊತೆಗೆ ಹಾಡಿದರು. ಅದು ಅಮೆರಿಕಾದ ಮುಖ್ಯ ಪಟ್ಟಿಯಲ್ಲಿ 19 ವಾರ ಒಂದನೇ ಸ್ಥಾನದಲ್ಲಿ ಕೂತಿತು. ಹಾಡಿನಲ್ಲಿ ಹೆಸರು ಬಂದ ಜೀನ್ಸ್ ಕಂಪನಿ ಅದರ ಹೆಸರಿನಲ್ಲೇ ಬಟ್ಟೆ ಮಾರಿತು. ಅಲ್ಲಿಗೆ ಜಾಹೀರಾತು ಹಾಡಿನ ಹಿಂದೆ ಬಂತು, ಹಾಡು ಜಾಹೀರಾತಿನ ಹಿಂದೆ ಹೋಗಲಿಲ್ಲ.

ಈ ಕಥೆ ಯಾಕೆ ಹೇಳಿದೆ? ಇಲ್ಲೂ ಸರ್ಟಿಫಿಕೇಟು ಕೊಡುವವರಿದ್ದಾರೆ. ಉತ್ತರ ಕರ್ನಾಟಕದ ಹುಡುಗರು ತಮ್ಮ ಊರ ಮಾತಿನಲ್ಲಿ, ಟ್ರ್ಯಾಕ್ಟರಿನ ಮೇಲೆ, ಡಿಜೆ ಸದ್ದಿನಲ್ಲಿ ಹಾಡು ಕಟ್ಟಿ ಯೂಟ್ಯೂಬಿಗೆ ಬಿಡುತ್ತಾರೆ. ಲಕ್ಷಗಟ್ಟಲೆ ಜನ ಕೇಳುತ್ತಾರೆ. ಬೆಂಗಳೂರಿನ ಕೆಲವರು ಮೂಗು ಮುರಿದು ‘ಇದು ಜಾನಪದವೇ ಅಲ್ಲ’ ಅನ್ನುತ್ತಾರೆ. ಅದರಲ್ಲಿ ಜೊಳ್ಳೂ ಇದೆ, ಹೆಣ್ಣುಮಕ್ಕಳನ್ನು ಹಗುರವಾಗಿ ಆಡುವ ಹಾಡುಗಳೂ ಇವೆ. ಅವನ್ನು ಬೈಯಿರಿ, ನಾನೂ ಬೈಯುತ್ತೇನೆ. ಆದರೆ ಯಾರ ಅಪ್ಪಣೆಯನ್ನೂ ಕೇಳದೆ, ಯಾವ ಭಾಷೆಯಿಂದಲೂ ಡಬ್ ಮಾಡದೆ ತಮ್ಮ ನಾಲಿಗೆಯನ್ನೇ ನಂಬಿ ನಿಂತಿದ್ದಾರಲ್ಲ, ಆ ಎದೆಗಾರಿಕೆ ನಗರದ ನಮಗೆಷ್ಟಿದೆ? ಬೀದಿಯಲ್ಲಿ ಭಿಕ್ಷೆ ಬೇಡಿ, ಜೋಗತಿಯಾಗಿ ಕುಣಿದು ಬದುಕಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಮುಂದೆ ಪದ್ಮಶ್ರೀ ಪಡೆದರು. ಜಾನಪದ ಯಾವುದೆಂದು ಹೇಳುವ ಹಕ್ಕು ಹಾಡುವವರದು.

ಹಾಲು, ಹಾಳು

ಕೊನೆಗೆ ನಿಮ್ಮ ಮೊಬೈಲು. 2021ರ ಜೂನ್ ನೆನಪಿದೆಯೇ? ಭಾರತದ ಕೆಟ್ಟ ಭಾಷೆ ಯಾವುದು ಎಂದು ಯಾರೋ ಹುಡುಕಿದ್ದಕ್ಕೆ ಗೂಗಲ್ ಕನ್ನಡದ ಹೆಸರು ತೋರಿಸಿತು. ನಾಡೇ ಎದ್ದು ನಿಂತಿತು, ಗೂಗಲ್ ಕ್ಷಮೆ ಕೇಳಿತು. ಅದೇ ದಿನಗಳಲ್ಲಿ ಅಮೆಜಾನಿನ ಕೆನಡಾ ಅಂಗಡಿಯಲ್ಲಿ ನಮ್ಮ ಬಾವುಟದ ಬಣ್ಣದ ಈಜುಡುಗೆ ಮಾರಾಟಕ್ಕಿತ್ತು. ಅದಕ್ಕೂ ಗಲಾಟೆಯಾಯಿತು. ಆಗಲೇಬೇಕಿತ್ತು. 2017ರಲ್ಲಿ ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂದು ನಿಮ್ಮಂಥವರೇ ಫೋನಿನಿಂದ ಎಬ್ಬಿಸಿದ ಕೂಗಿಗೆ ಮೆಟ್ರೋದ ಹಿಂದಿ ಫಲಕಗಳು ಇಳಿದವು. ನಿಮ್ಮ ಬೆರಳಿಗೆ ಶಕ್ತಿ ಇದೆ, ಅನುಮಾನವಿಲ್ಲ.

ಆದರೆ ವಿಚಿತ್ರ ನೋಡಿ. ಕನ್ನಡಕ್ಕಾಗಿ ಕೂಗುವ ಎಷ್ಟೋ ಪೋಸ್ಟುಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ! ಇಂಗ್ಲಿಷ್ ಅಕ್ಷರದಲ್ಲಿ ‘ಹಾಲು’ ಬರೆದರೂ ಅದೇ, ‘ಹಾಳು’ ಬರೆದರೂ ಅದೇ. ಬಳೆಯೂ ಬಲೆಯೂ ಒಂದೇ. ಮನೆಗೆ ಹಾಲು ಬಂತೋ, ಮನೆ ಹಾಳಾಯಿತೋ, ಓದುವವನು ಊಹಿಸಬೇಕು. ನಮ್ಮ ಅಕ್ಷರಮಾಲೆ ಇಂಥ ಗೊಂದಲ ಇರಬಾರದೆಂದೇ ಲಕಾರವನ್ನೂ ಳಕಾರವನ್ನೂ ಬೇರೆ ಇಟ್ಟಿದೆ. ಒಂದು ಕಾಲದಲ್ಲಿ ಕನ್ನಡ ಕೀಲಿಮಣೆ ಕಲಿಯಲು ವಾರಗಟ್ಟಲೆ ಬೇಕಿತ್ತು. ಈಗ ಫೋನಿನೊಳಗೇ ಇದೆ, ಬಾಯಲ್ಲಿ ಹೇಳಿದರೂ ಬರೆದುಕೊಡುತ್ತದೆ. ಇನ್ನೇನು ನೆಪ?

ಕಂಪನಿಯವರು ನಿಮ್ಮ ಅಭಿಮಾನ ನೋಡುವುದಿಲ್ಲ, ಅಂಕಿ ನೋಡುತ್ತಾರೆ. ಬ್ಯಾಂಕಿನ ಯಂತ್ರದಲ್ಲಿ ಕನ್ನಡದ ಗುಂಡಿ ಒತ್ತಿದವರು ಎಷ್ಟು, ಸಹಾಯವಾಣಿಯಲ್ಲಿ ಕನ್ನಡ ಆರಿಸಿದವರು ಎಷ್ಟು, ಕನ್ನಡದಲ್ಲಿ ಹುಡುಕಿದವರು ಎಷ್ಟು? ಆ ಅಂಕಿ ಕಡಿಮೆಯಾದರೆ, ಕನ್ನಡಕ್ಕೆ ಬೇಡಿಕೆ ಇಲ್ಲ ಎಂದು ಅವರು ಬರೆದುಕೊಳ್ಳುತ್ತಾರೆ. ನವೆಂಬರಿನಲ್ಲಿ ಬಾವುಟ ಹಿಡಿದವನು ಡಿಸೆಂಬರಿನಲ್ಲಿ ಇಂಗ್ಲಿಷಿನ ಗುಂಡಿ ಒತ್ತಿದರೆ ಅವನೇ ಅವರ ಸಾಕ್ಷಿ!

ಆದ್ದರಿಂದ ಈ ವಾರ ಮೂರೇ ಕೆಲಸ ಮಾಡಿ. ಫೋನಿಗೆ ಕನ್ನಡ ಕೀಲಿಮಣೆ ಹಾಕಿ, ನಿಮ್ಮ ತಂಗಿಯ ಫೋನಿಗೂ ಹಾಕಿಕೊಡಿ. ಸಹಾಯವಾಣಿಗೆ ಕರೆ ಮಾಡಿದಾಗ ಕನ್ನಡ ಬರುವವರು ಸಿಗುವತನಕ ಫೋನ್ ಇಡಬೇಡಿ. ಕನ್ನಡದಲ್ಲಿ ಕರೆದು ಇಂಗ್ಲಿಷಿನಲ್ಲಿ ಕಟ್ಟಿಹಾಕುವ ಒಂದಾದರೂ ಜಾಹೀರಾತಿನ ಮೇಲೆ 1915ಕ್ಕೆ ದೂರು ಕೊಡಿ. ಏನುತ್ತರ ಬಂತೆಂದು ಈ ಪತ್ರಿಕೆಗೆ ಬರೆಯಿರಿ. ಸೋಪು ಮಾರುವವನಿಗೆ ನಮ್ಮ ಭಾಷೆ ಮೂವತ್ತು ಸೆಕೆಂಡಿಗೆ ಬೇಕು. ನಮಗೆ ಹುಟ್ಟಿದಂದಿನಿಂದ ಸಾಯುವತನಕ ಬೇಕು. ಬೆಲೆ ಕಟ್ಟಬೇಕಾದವರು ಯಾರು, ನೀವೇ ಹೇಳಿ.

ಸಿರಿಗನ್ನಡಂ ಗೆಲ್ಗೆ!