ರೋಗಿಯ ನುಡಿ, ವೈದ್ಯನ ಕಿವಿ



ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆಸ್ಪತ್ರೆಗಳಿಗೂ ಭಾಷೆಗಳಿಗೂ ಹೆಸರಾದುದು. ತುಳು, ಕೊಂಕಣಿ, ಬ್ಯಾರಿ, ಮಲೆಯಾಳ, ಕನ್ನಡ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಸಂತೆಯಲ್ಲಿ ಇದು ಸೊಗಸು. ರೋಗಶಯ್ಯೆಯ ಬಳಿ ಕೆಲವೊಮ್ಮೆ ತೊಡಕು.

ಕನ್ನಡದ ಹೊಟ್ಟೆನೋವು ತುಳುವಿನಲ್ಲಿ ‘ಬಂಜಿಬೇನೆ’, ಗರ್ಭಿಣಿಯು ‘ಬಂಜಿನಾಳ್’. ಘಟ್ಟದ ಮೇಲಿನಿಂದ ಬಂದ ವೈದ್ಯರಿಗೆ ಇದು ‘ಬಂಜೆ’ಯೆಂದು ಕೇಳಿಸಿದರೆ ಅರ್ಥವೇ ತಲೆಕೆಳಗಾಗುವುದು.

ನಾನು ಸಹಾಯಕ ಗುರುವಾಗಿದ್ದಾಗ, ತುಳು ಮಾತ್ರ ಬಲ್ಲ ತಾಯಿಯೊಬ್ಬಳನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ವೈದ್ಯರಿಗೆ ತುಳು ತಿಳಿಯದು. ಒಳಗೆ ಹತ್ತು ವರ್ಷದ ಮಗನೇ ದುಭಾಷಿ. ಹೆಣ್ಣಿನ ಬಾಧೆಯನ್ನು ಮಗನ ಬಾಯಿಂದ ಹೇಳಿಸಲಾರದೆ ಆಕೆ ತಲೆನೋವೆಂದಳು. ಮಾತ್ರೆ ದೊರೆಯಿತು, ರೋಗ ಉಳಿಯಿತು. ಕೊನೆಗೆ ಊರಿನ ದಾದಿಯೊಬ್ಬರು ತುಳುವಿನಲ್ಲಿ ವಿಚಾರಿಸಿದಾಗಲೇ ಸರಿಯಾದ ಚಿಕಿತ್ಸೆ ಆರಂಭವಾಯಿತು. ಹುಡುಗನನ್ನು ಒಳಗೆ ಕಳುಹಿಸಿದವನು ನಾನೇ ಎಂಬ ಅಳಲು ಇಂದಿಗೂ ನನಗಿದೆ.

ಹಿರಿಯರು ಇದನ್ನು ಅರಿತಿದ್ದರು. ಜರ್ಮನಿಯಿಂದ ಬಂದ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಔಷಧಾಲಯ ತೆರೆದರು. ಅದೇ ದಶಕದಲ್ಲಿ ಮಂಗಳೂರಿನಲ್ಲಿ ಮಾಫೆಯ್ ಅವರ ಕೊಂಕಣಿ ನಿಘಂಟು (1883), ಮ್ಯಾನರ್ ಅವರ ತುಳು ನಿಘಂಟು (1886) ಅಚ್ಚಾದವು. ಔಷಧವೂ ನಿಘಂಟೂ ಜೊತೆಜೊತೆಗೆ ಬಂದವು.

2019ರಿಂದ ವೈದ್ಯ ವಿದ್ಯಾರ್ಥಿಗಳ ಆರಂಭದ ಪಾಠಗಳಲ್ಲಿ ಸ್ಥಳೀಯ ಭಾಷೆಯೂ ಸೇರಿದೆ. ಇಲ್ಲಿ ಕನ್ನಡವೊಂದೇ ಸಾಲದು; ದೇಹದ, ನೋವಿನ ನೂರು ಪದಗಳನ್ನಾದರೂ ತುಳು, ಕೊಂಕಣಿ, ಬ್ಯಾರಿಗಳಲ್ಲಿ ಕಲಿಯಬೇಕು. ನಮ್ಮ ಯುವಜನರು ಆಸ್ಪತ್ರೆಗಳಲ್ಲಿ ದುಭಾಷಿಗಳಾಗಿ ವಾರಕ್ಕೊಂದು ಗಂಟೆ ನಿಲ್ಲಲಿ. ಮಕ್ಕಳ ಮೇಲೆ ಆ ಭಾರ ಬೀಳದಿರಲಿ.