ಮೊದಲ ರೂಪಾಯಿ ಮಾಡಿಗೆ

ಕಾಫಿ ಕೊಯ್ಲು ಮುಗಿದ ಮೇಲೆ ಮೂಡಿಗೆರೆ, ಕಳಸದ ಕಡೆ ಹಳೇ ಮನೆ ರಿಪೇರಿಯ ಮಾತು ಏಳುತ್ತದೆ. ಕೈಯಲ್ಲಿರುವುದು ಅಷ್ಟಿಷ್ಟು ದುಡ್ಡು. ಮನೆಮಂದಿಯ ಆಸೆ ಮಾತ್ರ ಟೈಲ್ಸ್ ನೆಲ, ಹೊಸ ಅಡುಗೆಮನೆ. ನನ್ನನ್ನು ಕೇಳಿದರೆ ಮೊದಲ ರೂಪಾಯಿ ಮಾಡಿಗೇ ಹೋಗಬೇಕು.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದದ್ದು ಈ ಮನೆಗಳ ಮಾಡಿನ ಮಂಗಳೂರು ಹೆಂಚು. ಇದರ ದೊಡ್ಡ ಗುಣವೆಂದರೆ, ಒಂದೊಂದನ್ನೇ ತೆಗೆದು ಕೂರಿಸಬಹುದು. ಮಳೆಗೆ ಮುಂಚೆ ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಕುಂಬಾದ ರೀಪು ಕಿತ್ತು ಹೊಸದು ಹೊಡೆದರೆ ಅರ್ಧ ಚಿಂತೆ ಕಳೆಯಿತು. ಯಾರಾದರೂ ಕಳಚಿದ ಮನೆಯ ಹೆಂಚು ಸಿಕ್ಕರೆ ಇನ್ನೂ ಅಗ್ಗ. ಆದರೆ ಅಚ್ಚು ನೋಡಿಕೊಳ್ಳಿ; ಅಳತೆ ಬೇರೆಯಾದರೆ ಹೆಂಚಿಗೆ ಹೆಂಚು ಕೂರುವುದಿಲ್ಲ. ಕತ್ತಲ ಒಳಕೋಣೆಗೆ ಎರಡು ಗಾಜಿನ ಹೆಂಚು ಸಾಕು, ಗೋಡೆ ಒಡೆಯಬೇಕಿಲ್ಲ.

ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ತೇವ ಒಳಗೇ ಉಳಿದು ಗಾರೆ ಹಪ್ಪಳದಂತೆ ಏಳುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಗೆ ಬಿಡುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೋಡಲು ಗುದ್ದಲಿ ಸಾಕು. ಹಳೇ ವೈರಿಂಗ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.

ಟೈಲ್ಸ್ ಮುಂದಿನ ಫಸಲಿಗೆ ಕಾಯಲಿ. ಮುಂಗಾರು ಹಿಡಿಯುವ ಮೊದಲು ಒಮ್ಮೆ ಅಟ್ಟ ಹತ್ತಿ, ಸೋರಿದ ಗುರುತು ಎಲ್ಲೆಲ್ಲಿದೆ ಎಂದು ನೋಡಿ ಬನ್ನಿ.