ಸವಾಲು-ಜವಾಬು
(ಪದವಿ ಪ್ರದಾನ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಇಲ್ಲಿ ವ್ಯಾಕರಣ ಕಲಿಸಿದವನಲ್ಲ, ನಾಟಕ ಆಡಿಸಿದವನೂ ಅಲ್ಲ. ಆರು ವರ್ಷಗಳಿಂದ ನನ್ನ ಕೆಲಸ ಒಂದೇ. ಶುಕ್ರವಾರದ ತರಗತಿ ಮುಗಿಯುವ ಹೊತ್ತಿಗೆ ಮಕ್ಕಳ ಕೈಗೆ ಒಂದು ಚೀಟಿ ಕೊಡುವುದು. ಅದರಲ್ಲಿ ಒಂದು ಸಾಮಾನ್ಯ ಜ್ಞಾನದ ಪ್ರಶ್ನೆ. ಮುಂದಿನ ಶುಕ್ರವಾರ ಉತ್ತರ ತರಬೇಕು.

ಈ ಹುಚ್ಚು ನನಗೆ ಹತ್ತಿದ್ದು ಊರಿನಲ್ಲೇ. ಚಂದನ ವಾಹಿನಿಯಲ್ಲಿ 2002ರಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಶುರುವಾದಾಗ ನಾನು ಕಾಲೇಜಿನಲ್ಲಿದ್ದೆ. ಅಮ್ಮ ಅಡುಗೆಮನೆಯಿಂದಲೇ ಉತ್ತರ ಕೂಗುತ್ತಿದ್ದರು, ಹೆಚ್ಚಾಗಿ ನನಗಿಂತ ಮೊದಲು. ಗೆದ್ದವರಿಗೆ ದುಡ್ಡಲ್ಲ, ಪುಸ್ತಕ ಕೊಡುತ್ತಿದ್ದರು. ನಮ್ಮ ಶಾಲೆಯಲ್ಲೂ ಅದನ್ನೇ ಮಾಡಿದೆವು. ರಜೆಗೆ ಹೋದವರು ಬರುವಾಗ ಉಪ್ಪಿನಕಾಯಿ, ಹಪ್ಪಳದ ಜೊತೆ ಪುಸ್ತಕಗಳನ್ನೂ ಹೊತ್ತು ತಂದಿದ್ದಾರೆ. ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾದಾಗ ಉಪ್ಪಿನಕಾಯಿಯನ್ನೇ ಬಿಟ್ಟು ಬಂದ ಒಬ್ಬ ತಾಯಿ ಈ ಸಭೆಯಲ್ಲಿದ್ದಾರೆ. ಅವರಿಗೆ ನಾವು ಋಣಿಗಳು.

ಮೊದಲ ವರ್ಷ ನಾನು ಪ್ರಶ್ನೆಗಳನ್ನು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಂದ ಎತ್ತಿ ಕೊಟ್ಟೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು? ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಯಾವಾಗ? ಎಲ್ಲರಿಗೂ ಪೂರ್ತಿ ಅಂಕ. ನನಗೆ ಹಿಗ್ಗೋ ಹಿಗ್ಗು. ಒಂದು ದಿನ ‘ಕುವೆಂಪು’ ಎಂದು ಚೆಂದವಾಗಿ ಬರೆದು ತಂದ ಹುಡುಗನನ್ನು, ‘ಯಾವ ಪುಸ್ತಕಕ್ಕೆ ಬಂತಪ್ಪಾ?’ ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ, ‘ಅಂಕಲ್, ಅದು ಪ್ರಶ್ನೆಯಲ್ಲಿ ಇರಲಿಲ್ಲ’ ಎಂದ. ತಪ್ಪು ಅವನದಲ್ಲ. ಚೀಟಿ ಕೊಟ್ಟ ಅರ್ಧ ನಿಮಿಷಕ್ಕೆ, ಕಾರಿನ ಹಿಂದಿನ ಸೀಟಿನಲ್ಲಿ, ಫೋನು ಉತ್ತರ ಕೊಟ್ಟಿರುತ್ತಿತ್ತು.

ಎರಡನೇ ವರ್ಷ ನಿಯಮ ಬದಲಿಸಿದೆ. ಫೋನನ್ನು ಕೇಳುವ ಹಾಗಿಲ್ಲ, ಮನುಷ್ಯರನ್ನು ಕೇಳಬೇಕು, ಕನ್ನಡದಲ್ಲೇ ಕೇಳಬೇಕು. ಉತ್ತರದ ಕೆಳಗೆ ಯಾರನ್ನು ಕೇಳಿದೆ ಎಂದು ಬರೆಯಬೇಕು. ಆಗ ನಿಮ್ಮಲ್ಲಿ ಕೆಲವರು ನನ್ನ ಮೇಲೆ ಸಿಟ್ಟಾದಿರಿ. ‘ನಮಗೇ ಗೊತ್ತಿಲ್ಲದ್ದನ್ನು ಮಕ್ಕಳ ಕೈಲಿ ಕೇಳಿಸಿ ಮಾನ ಕಳೀತೀರಲ್ಲ ಸಾರ್’ ಎಂದರು ಒಬ್ಬರು. ಅವರ ಮಾತೂ ನಿಜವೇ. ಗೊತ್ತಿಲ್ಲ ಎಂದು ಮಕ್ಕಳ ಮುಂದೆ ಹೇಳುವುದು ಸುಲಭವಲ್ಲ. ನಾನೂ ಹೇಳಿ ಅಭ್ಯಾಸ ಮಾಡಿಕೊಳ್ಳಬೇಕಾಯಿತು.

ಕಾಫಿಯ ವಾರ ನೆನಪಿದೆಯೇ? ಚಿಕ್ಕಮಗಳೂರಿಗೆ ಕಾಫಿ ಎಲ್ಲಿಂದ ಬಂತು ಎಂದು ಕೇಳಿದ್ದೆ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಹಜ್ ಯಾತ್ರೆ ಮುಗಿಸಿ ಮರಳುವಾಗ ಯೆಮನ್‌ನ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ಪ್ರತೀತಿಯನ್ನು ಎಲ್ಲರೂ ಬರೆದು ತಂದರು. ನಾವು ಇಲ್ಲಿ ಗಾವಾ ಕುಡಿಯುವ ನೆಲದ ಕಡೆಯಿಂದಲೇ ನಮ್ಮ ಫಿಲ್ಟರ್ ಕಾಫಿ ಹೋಗಿದೆ ಎಂದು ಮಕ್ಕಳಿಗೆ ಖುಷಿ. ಒಬ್ಬಳು ಮಾತ್ರ ಎದ್ದು ನಿಂತಳು. ‘ಮೊಳಕೆ ಬರೋ ಬೀಜ ಹೊರಗೆ ಒಯ್ಯೋಕೆ ಆಗ ಬಿಡ್ತಿರಲಿಲ್ಲವಂತೆ. ಹಾಗಾದ್ರೆ ಅದು ಕಳ್ಳತನ ಅಲ್ವಾ?’ ತರಗತಿ ಎರಡು ಪಕ್ಷವಾಯಿತು. ಆ ದಿನ ವ್ಯಾಕರಣದ ಪಾಠ ನಡೆಯಲೇ ಇಲ್ಲ. ಟೀಚರ್ ನನ್ನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ನಮ್ಮ ಚೀಟಿಗೆ ‘ವಾರದ ಸವಾಲು’ ಎಂದು ಹೆಸರಿಟ್ಟವನು ನಾನು. ಆ ಹೆಸರನ್ನು ನನಗೇ ತಿಳಿಸಿಕೊಟ್ಟವನು ನಾಲ್ಕನೇ ತರಗತಿಯ ಹುಡುಗ. ಅರಬಿ ಪಿರಿಯಡ್‌ನಲ್ಲಿ ಪ್ರಶ್ನೆಗೆ ‘ಸುಆಲ್’ ಅಂತಾರೆ, ಉತ್ತರಕ್ಕೆ ‘ಜವಾಬ್’ ಅಂತಾರೆ, ಅದು ನಮ್ಮದೇ ಅಲ್ವಾ ಅಂಕಲ್ ಎಂದ. ಹೌದು, ಸವಾಲು, ಜವಾಬು ಎರಡೂ ಅರಬಿಯಿಂದಲೇ ಕನ್ನಡಕ್ಕೆ ಬಂದವು. ಅಲ್ಲಿ ಬರೀ ಪ್ರಶ್ನೆಯಾಗಿದ್ದದ್ದು ನಮ್ಮಲ್ಲಿ ಪಂಥಾಹ್ವಾನವಾಯಿತು. ಜವಾಬಿಗೆ ಪಾರಸಿಯ ಬಾಲ ಸೇರಿ ಜವಾಬ್ದಾರಿಯೂ ಆಯಿತು.

ಇನ್ನು ನಾನು ಮಾಡಿದ ತಪ್ಪಿನ ವಿಷಯ. ಮೂರು ವರ್ಷದ ಹಿಂದೆ ಒಂದು ಚೀಟಿಯಲ್ಲಿ, ‘ಲಿಂಗನಮಕ್ಕಿ ಅಣೆಕಟ್ಟು ಯಾವ ನದಿಗೆ ಅಡ್ಡಲಾಗಿದೆ?’ ಎಂದು ಕೇಳಿದ್ದೆ. ಒಂದು ಹುಡುಗಿ ಹೀಗೆ ಬರೆದು ತಂದಳು: ‘ಅಜ್ಜಿಯ ಊರು ಮುಳುಗಿಸಿದ ನದಿ. ಕೇಳಿದ್ದು: ಅಜ್ಜಿಯನ್ನು.’ ನಾನು ಕೆಂಪು ಪೆನ್ನಿನಲ್ಲಿ ‘ನದಿಯ ಹೆಸರು ಬರೆದಿಲ್ಲ’ ಎಂದು ಗೀಚಿ ಅರ್ಧ ಅಂಕ ಕೊಟ್ಟೆ. ಅಷ್ಟೇ ಓದಿದೆ, ಮುಂದಿನ ಚೀಟಿಗೆ ಹೋದೆ.

ರಾತ್ರಿ ಅವಳ ಅಪ್ಪ ಫೋನು ಮಾಡಿದರು. ಅಂಕದ ಜಗಳಕ್ಕೆ ಎಂದುಕೊಂಡೆ. ಅವರು ಬೇರೆಯೇ ಹೇಳಿದರು. ‘ನನ್ನ ಅಮ್ಮನ ತವರು ಹಿನ್ನೀರಿನ ಕಡೆ ಅಂತ ಗೊತ್ತಿತ್ತು ಸಾರ್. ಸಾಮಾನು ಲಾರಿಗೆ ಹೇರಿಕೊಂಡು ಊರು ಬಿಟ್ಟಾಗ ಅವರಿಗೆ ಒಂಬತ್ತು ವರ್ಷ ಅಂತ, ಕರುವನ್ನು ಬಿಟ್ಟು ಬರಬೇಕಾಯ್ತು ಅಂತ ನನಗೆ ಯಾವತ್ತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಿನ್ನೆ ಮಗಳಿಗೆ ಮುಕ್ಕಾಲು ಗಂಟೆ ಹೇಳಿದರು. ನಾನು ಪಕ್ಕದಲ್ಲಿ ಕೂತು ಕೇಳಿದೆ.’

ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಶರಾವತಿಯ ಕರೆಂಟಿನ ಬೆಳಕಿನಲ್ಲಿ ಓದಿ ಇಲ್ಲಿಯವರೆಗೆ ಬಂದವರು ನಾವೆಲ್ಲ. ಇಷ್ಟು ವರ್ಷ ನನಗೆ ಅದು ಒಂದು ಅಂಕದ ಪ್ರಶ್ನೆಯಾಗಿತ್ತು. ಮುಂದಿನ ಶುಕ್ರವಾರ ಆ ಮಗುವಿನ ಮುಂದೆ ಕೂತು, ‘ತಪ್ಪು ನನ್ನದಮ್ಮ’ ಎಂದೆ. ಅವಳು ಅಂಕದ ಬಗ್ಗೆ ಏನೂ ಅನ್ನಲಿಲ್ಲ. ಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟಳು. ‘ಇದು ಅಜ್ಜಿ ನಿಮಗೆ ಕೇಳಿದ ಪ್ರಶ್ನೆ. ಫೋನ್ ನೋಡಬಾರದಂತೆ.’

ಪ್ರಶ್ನೆ ಹೀಗಿತ್ತು: ಆ ನೀರಿನೊಳಗೆ ಇನ್ನೊಂದು ಅಣೆಕಟ್ಟು ಮುಳುಗಿದೆ, ಅದರ ಹೆಸರೇನು?

ನನಗೆ ಗೊತ್ತಿರಲಿಲ್ಲ. ಸಾಗರ ಕಡೆಯವರು ಯಾರಿದ್ದಾರೆ ಎಂದು ವಾರವಿಡೀ ಹುಡುಕಿದೆ. ಕೊನೆಗೆ ನಮ್ಮ ಕಂಪನಿಯಲ್ಲೇ ಒಬ್ಬರು ಸಿಕ್ಕರು. ಅದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಹಳೆಯ ವಿದ್ಯುದಾಗಾರಕ್ಕಾಗಿ ಕಟ್ಟಿದ್ದು, ಲಿಂಗನಮಕ್ಕಿ ತುಂಬಿದಾಗ ಅದೂ ಮುಳುಗಿತು, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಈಗಲೂ ಕಾಣುತ್ತದೆ. ಉತ್ತರದ ಕೆಳಗೆ ಯಾರನ್ನು ಕೇಳಿದೆ ಎಂದೂ ಬರೆದು ಕಳಿಸಿದೆ. ಅಜ್ಜಿ ಪೂರ್ತಿ ಅಂಕ ಕೊಟ್ಟರು.

ಅಲ್ಲಿಂದ ಆ ಮನೆಯಲ್ಲಿ ವಾರಕ್ಕೊಂದು ಕರೆ ತಪ್ಪಿಲ್ಲ. ನಮಗಿಂತ ಅಲ್ಲಿ ಎರಡೂವರೆ ಗಂಟೆ ಮುಂದೆ. ಇಲ್ಲಿ ಸಂಜೆ ನಾಲ್ಕಾದರೆ ಅಲ್ಲಿ ದೀಪ ಹಚ್ಚುವ ಹೊತ್ತು. ಆಗಲೇ ಕರೆ ಮಾಡಬೇಕು, ತಡವಾದರೆ ಅಜ್ಜಿ ಮಲಗಿರುತ್ತಾರೆ. ಶಾಲೆಗೆ ರಜೆ ಇದ್ದಾಗ, ‘ಈ ವಾರ ನಿಮ್ಮ ಮೇಷ್ಟ್ರು ಏನೂ ಕೇಳಲಿಲ್ವಾ?’ ಎಂದು ಅವರೇ ವಿಚಾರಿಸುತ್ತಾರಂತೆ. ಆ ಹುಡುಗಿ ಇವತ್ತು ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಅವಳ ಅಪ್ಪ ಫೋನು ಎತ್ತಿ ಹಿಡಿದಿರುವುದು ನನ್ನ ಭಾಷಣ ಚಿತ್ರೀಕರಿಸಲಿಕ್ಕೆ ಅಲ್ಲ, ಆ ಕಡೆಯಿಂದ ಅಜ್ಜಿ ನೋಡುತ್ತಿದ್ದಾರೆ. ನಮಸ್ಕಾರ ಅಜ್ಜಿ.

ಮುಂದಿನ ವರ್ಷದಿಂದ ಚೀಟಿ ಬರೆಯುವ ಕೆಲಸಕ್ಕೆ ಬೇರೆಯವರು ಬರಬೇಕು. ನನ್ನ ಗಂಟಲೂ ಪ್ರಶ್ನೆಗಳೂ ಬತ್ತಿವೆ. ಆರು ವರ್ಷದ ಚೀಟಿಗಳನ್ನು ಎರಡು ಖರ್ಜೂರದ ಡಬ್ಬಗಳಲ್ಲಿ ತುಂಬಿ ಗ್ರಂಥಾಲಯದ ಕಪಾಟಿನ ಮೇಲೆ ಇಟ್ಟಿದ್ದೇನೆ. ಊಟಕ್ಕೆ ಹೋಗುವ ಮೊದಲು ನಿಮ್ಮ ಮಕ್ಕಳ ಚೀಟಿ ಹುಡುಕಿಕೊಳ್ಳಿ. ಕೆಂಪು ಗೀಚು ಇದ್ದರೆ ನನ್ನನ್ನು ಕರೆಯಿರಿ, ಪೆನ್ನು ತಂದಿದ್ದೇನೆ, ತಿದ್ದಿಕೊಡುತ್ತೇನೆ.